ಡೆನಿಸನ ತಾಯಿಯ ಹೆಸರು

“ತಂದೆ ಹೆಸರು ಹಾಳಾಗಲಿ, ಬಿಡು. ತಾಯಿ ಹೆಸರಾದರೂ ಹೇಳಮ್ಮ,” ಎಂದು ಪ್ರಯೂನ್ ಮೇಷ್ಟ್ರು ಮೂರನೆಯ ಸಲ ಕೇಳಿ, ಪೆನ್ನನ್ನು ಕಾಗದದ ಮೇಲೆ ಹಾಗೇ ಹಿಡಿದರು.

ಶವದ ಮುಂದೆ ಇಡಲು ಗಂಧದ ಚಕ್ಕೆಯಿಂದ ಮಾಡಿದ ಹೂಗಳ ಕಟ್ಟು ಬಿಚ್ಚುತ್ತಿದ್ದ ಲಮೈ ತಲೆ ಎತ್ತಲಿಲ್ಲ. ಬೌದ್ಧ ವಿಹಾರದ ಮಂಟಪದಲ್ಲಿ, ಅವಳ ಬೆನ್ನ ಹಿಂದೆ, ಬಣ್ಣದ ದೀಪಗಳ ನಡುವೆ ಅವಳ ಗಂಡನ ಶವದ ಪೆಟ್ಟಿಗೆ ಇತ್ತು. ಮುಂದೆ ಇಟ್ಟಿದ್ದ ಫೋಟೋದಲ್ಲಿ ಡೆನಿಸ್ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದ. ಯಾರದೋ ಮದುವೆಯಲ್ಲಿ ತೆಗೆದದ್ದು. ಎಷ್ಟು ಕತ್ತರಿಸಿದರೂ ಪಕ್ಕದವರ ಭುಜ ಮೂಲೆಯಲ್ಲಿ ಉಳಿದುಬಿಟ್ಟಿತ್ತು.

“ಗೊತ್ತಿಲ್ಲ ಮೇಷ್ಟ್ರೇ.”

“ಹದಿನಾಲ್ಕು ವರ್ಷ ಸಂಸಾರ ಮಾಡಿದೀಯ.”

“ಮಾಡಿದೀನಿ. ಗೊತ್ತಿಲ್ಲ.”

ನಮ್ಮ ಕೇರಿಯಲ್ಲಿ ಬೆಂಕಿ ಇಡುವ ಮೊದಲು ಸತ್ತವರ ಚರಿತ್ರೆ ಓದುತ್ತಾರೆ. ಯಾರ ಮಗ, ಎಲ್ಲಿ ಹುಟ್ಟಿದ, ಏನು ಮಾಡಿದ, ಯಾರನ್ನು ಬಿಟ್ಟುಹೋದ. ಊರ ಕೋಳಿಯನ್ನೆಲ್ಲ ಕದ್ದು ತಿಂದ ಬುನ್ಲೋತನಿಗೂ ಹೋದ ವರ್ಷ ಮೇಷ್ಟ್ರು ಮೈಕಿನಲ್ಲಿ ‘ಇಂಥವರ ಸುಪುತ್ರ’ ಎಂದೇ ಓದಿದ್ದರು. ಬೆಂಕಿ ನಾಲ್ಕು ಗಂಟೆಗೆ. ಆಗಲೇ ಹನ್ನೊಂದಾಗಿತ್ತು.

ಕುರ್ಚಿ ಜೋಡಿಸುತ್ತಿದ್ದ ಪಕ್ಕದ ಮನೆಯ ಸಮಾನ್, ಬೈಕ್ ರಿಪೇರಿಯವನು, ಹತ್ತಿರ ಬಂದ. “ಬೇರೆ ಬರೀರಿ ಮೇಷ್ಟ್ರೇ. ಕೇರಿಯ ಫ್ಯಾನೆಲ್ಲ ರಿಪೇರಿ ಮಾಡ್ತಿದ್ದ ಅಂತ ಬರೀರಿ. ನಮ್ಮನೇದು ಎರಡು ಸಲ ಬಿಚ್ಚಿದ. ಎರಡು ಸಲವೂ ಹಿಂದಕ್ಕೇ ತಿರುಗ್ತು.”

“ರಸ್ತೆ ಗುಡಿಸ್ತಿದ್ದ,” ಎಂದು ಅಡಿಗೆಗೆ ನಿಂತಿದ್ದ ನೆರೆಮನೆಯ ನೋಯ್ ಅಲ್ಲಿಂದಲೇ ಕೂಗಿ ಹೇಳಿದಳು. “ತನ್ನ ಮನೆ ಮುಂದೆ ಮಾತ್ರ ಅಲ್ಲ, ವಿಹಾರದ ಬಾಗಿಲ ತನಕ. ಬೇಡ ಮಾರಾಯ ಅಂದ್ರೂ ಕೇಳ್ತಿರಲಿಲ್ಲ. ಹಲ್ಲಿ ಕಂಡ್ರೆ ಸಾಯ್ತಿದ್ದ, ಅದನ್ನೂ ಬರೀರಿ.”

ಸಾಯ್ತಿದ್ದ ಎಂಬ ಮಾತು ಬಾಯಿಂದ ಬಿದ್ದ ಮೇಲೆ ನೋಯ್ ಸೌಟನ್ನು ಪಾತ್ರೆಗೆ ಹಾಕಿ ಜೋರಾಗಿ ತಿರುವತೊಡಗಿದಳು.

“ಇದು ಚರಿತ್ರೆಯೇನ್ರಪ್ಪಾ?” ಎಂದರು ಮೇಷ್ಟ್ರು. ಪಾಸ್‌ಪೋರ್ಟಿನಲ್ಲಿ ಸಿಕ್ಕಿದ್ದು ಒಂದೂವರೆ ಸಾಲು. ಡೆನಿಸ್ ಹಾರ್ಗ್ರೀವ್. ಎಪ್ಪತ್ನಾಲ್ಕು ವರ್ಷ. ಇಂಗ್ಲೆಂಡಿನ ಯಾವುದೋ ಬಂದರು. ಬಸ್ ಓಡಿಸುತ್ತಿದ್ದನೆಂದು ಲಮೈಗೆ ಗೊತ್ತಿತ್ತು, ಅದನ್ನು ಸೇರಿಸಿದ್ದರು.

“ತಾಯಿ ಸಾಲು ಬಿಟ್ಟು ಓದಿಬಿಡ್ತೀನಿ.”

“ಬಿಡಬೇಡಿ,” ಎಂದಳು ಲಮೈ. “ನಿಮ್ಮ ಕಾಲಿಗೆ ಬೀಳ್ತೀನಿ ಮೇಷ್ಟ್ರೇ. ದಿಕ್ಕಿಲ್ಲದವನ ಹಾಗೆ ಅವನನ್ನ ಸುಡಬೇಡಿ.”

* * *

ಎರಡು ದಿನದ ಹಿಂದೆ ಮರಣಪತ್ರಕ್ಕೆಂದು ತಾಲ್ಲೂಕು ಕಚೇರಿಗೆ ಹೋದಾಗಲೂ ಇದೇ ಪ್ರಶ್ನೆ ಬಂದಿತ್ತು. ಕಂಪ್ಯೂಟರ್ ಮುಂದಿನ ಹುಡುಗಿ ಮರ್ಯಾದೆಯಿಂದಲೇ ಕೇಳಿದ್ದಳು. ಲಮೈ ಕೈಯಲ್ಲಿದ್ದ ಪಾಸ್‌ಪೋರ್ಟನ್ನು ಮತ್ತೆ ಮಗುಚಿ ನೋಡಿದಳು. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು.

“ಗೆರೆ ಹಾಕಲಾ ಅಕ್ಕ?”

ಲಮೈ ತಲೆಯಾಡಿಸಿದಳು. ತಂದೆಯ ಜಾಗಕ್ಕೊಂದು ಗೆರೆ, ತಾಯಿಯ ಜಾಗಕ್ಕೊಂದು ಗೆರೆ. ಮನೆಗೆ ಬರುವವರೆಗೂ ಆ ಕಾಗದವನ್ನು ಬಿಚ್ಚಿ ನೋಡುವುದು, ಮಡಚುವುದು ಮಾಡುತ್ತಲೇ ಇದ್ದಳು. ರಾಯಭಾರ ಕಚೇರಿಯವರು ಅದೇ ಸಂಜೆ ಫೋನ್ ಮಾಡಿ, ಆ ಕಡೆ ಬಂಧುಗಳು ಯಾರೂ ಸಿಗಲಿಲ್ಲ, ನೀವೇ ಮುಗಿಸಿಬಿಡಿ ಎಂದರು.

ಅವಳು ಕೇಳಿರಲಿಲ್ಲವೆಂದಲ್ಲ. ಡೆನಿಸ್ ಈ ಊರಿಗೆ ಬಂದ ಮೊದಲ ವರ್ಷ ಒಮ್ಮೆ ಕೇಳಿದ್ದಳು, ನಿನ್ನಮ್ಮ ಎಲ್ಲಿ ಎಂದು. ಅವನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ. “ದೊಡ್ಡ ಕತೆ. ನಿನ್ನ ಭಾಷೆ ಚೆನ್ನಾಗಿ ಕಲೀತೀನಿ. ಆಮೇಲೆ ಹೇಳ್ತೀನಿ,” ಎಂದ.

ಕಲಿತದ್ದು ಎಷ್ಟು? ಊಟ ಆಯ್ತಾ, ಮಾತ್ರೆ ಎಲ್ಲಿ, ಗ್ಯಾಸ್ ಮುಗೀತು, ಬಿಸಿಲು ಜಾಸ್ತಿ, ಬಾ ಮಲಗು. ಗಂಡಹೆಂಡಿರಿಗೆ ಇದಕ್ಕಿಂತ ಹೆಚ್ಚು ಮಾತು ಬೇಕೆಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಈಗ ಅನಿಸುತ್ತಿತ್ತು. ಇನ್ನೊಂದು ಸಲ ಕೇಳಬಹುದಿತ್ತು. ಅಯ್ಯೋ, ಕೇಳಬಹುದಿತ್ತಲ್ಲ!

* * *

“ಅಜ್ಜೀನ ಕೇಳಿ,” ಎಂದಳು ನೋಯ್, ಕೈ ಒರೆಸಿಕೊಂಡು ಮಂಟಪಕ್ಕೆ ಬಂದು. “ದಿನವಿಡೀ ಅವನ ಜೊತೆ ಮಾತಾಡ್ತಿದ್ದದ್ದು ಅಜ್ಜಿ ತಾನೇ?”

ಎಲ್ಲರೂ ಮಂಟಪದ ಮೂಲೆಯ ಕಂಬದ ಕಡೆ ತಿರುಗಿದರು. ಲಮೈಯ ತಾಯಿ ತೋಂಗ್ಮಿ, ಎಂಬತ್ತೇಳರ ಮುದುಕಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತಿದ್ದಳು. ಬಾಯಿ ಮಾಡಿದರೆ ಕೇರಿಯ ಈ ತುದಿಯಿಂದ ಆ ತುದಿಗೆ ಕೇಳಿಸುವ ಹೆಂಗಸು, ಮೂರು ದಿನದಿಂದ ಒಂದು ಮಾತೂ ಆಡಿರಲಿಲ್ಲ. ಎಲೆಅಡಿಕೆಯನ್ನೂ ಮುಟ್ಟಿರಲಿಲ್ಲ.

* * *

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಅಳಿಯ ಇಬ್ಬರೂ ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಮನೆಯ ಕೆಳಗಿನ ನೆರಳಲ್ಲಿ ಬಿದಿರಿನ ಮಂಚದ ಮೇಲೆ ಕೂರುತ್ತಿದ್ದರು. ಅವನು ಬೆಳ್ಳುಳ್ಳಿ ಸುಲಿಯುತ್ತಿದ್ದ, ಅವಳು ಅಡಿಕೆ ಕುಟ್ಟುತ್ತಿದ್ದಳು. ಅವನು ತನ್ನ ಭಾಷೆಯಲ್ಲಿ, ಅವಳು ತನ್ನ ಭಾಷೆಯಲ್ಲಿ, ಎರಡು ಗಂಟೆ, ಮೂರು ಗಂಟೆ. ಅವಳು ಸತ್ತುಹೋದ ಗಂಡನ ವಿಷಯ, ಎಮ್ಮೆ ವಿಷಯ, ಹುಟ್ಟಿದ ತಿಂಗಳಲ್ಲೇ ತೀರಿಕೊಂಡ ಮೊದಲ ಮಗುವಿನ ವಿಷಯ ಹೇಳುವಳು. ಅವನು ತಲೆಯಾಡಿಸುವನು. ಅವನು ಏನೇನೋ ಹೇಳುವನು, ಅವಳು ಹ್ಞೂಂಗುಟ್ಟುವಳು.

“ಏನಜ್ಜಿ, ಅಳಿಯನ ಜೊತೆ ಅಷ್ಟೊಂದು ಏನು ಮಾತು?” ಎಂದು ದಾರಿಹೋಕರು ಕಿಚಾಯಿಸುವರು.

“ಅವನು ಅವನದು ಹೇಳ್ತಾನೆ, ನಾನು ನಂದು ಹೇಳ್ತೀನಿ. ಅರ್ಥ ಆಗಿದ್ರೆ ಇಷ್ಟರಲ್ಲಿ ಜಗಳ ಆಗಿರೋದು.”

ಕೆಲವು ದಿನ ಹೇಳುತ್ತ ಹೇಳುತ್ತ ಅವನು ಅತ್ತುಬಿಡುತ್ತಿದ್ದ. ಆಗ ಮುದುಕಿ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಅವನ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತುಬಿಡುತ್ತಿದ್ದಳು.

* * *

ಲಮೈ ತಾಯಿಯ ಕುರ್ಚಿಯ ಮುಂದೆ ನೆಲಕ್ಕೆ ಕೂತಳು. “ಅಮ್ಮಾ, ಅವರಮ್ಮನ ವಿಷಯ ನಿನ್ನ ಹತ್ರ ಹೇಳಿದ್ನಾ?”

“ಹೇಳದೇ ಇರ್ತಾನಾ?” ಮುದುಕಿಯ ದನಿ ಮೂರು ದಿನ ಮುಚ್ಚಿಟ್ಟಿದ್ದಕ್ಕೆ ಒಡಕಾಗಿತ್ತು. “ಗಂಡಸು ಅಳ್ತಾ ಹೇಳ್ತಾನೆ ಅಂದ್ರೆ ಇನ್ಯಾರ ವಿಷಯ ಇರುತ್ತೆ? ನೂರು ಸಲ ಆ ಹೆಸರು ಈ ಕಿವಿಗೆ ಬಿದ್ದಿರಬೇಕು ಕಣೇ. ಯಾವ ಮಾತು ಹೆಸರು, ಯಾವ ಮಾತು ಸಂಕಟ ಅಂತ ನನಗೇನು ಗೊತ್ತು? ಪಾಪಿ ನಾನು. ಎಲ್ಲ ಕೇಳಿಸ್ಕೊಂಡೆ, ಒಂದೂ ಉಳಿಸ್ಕೊಳ್ಳಲಿಲ್ಲ.”

ಅವಳು ಅಂಗೈಯಿಂದ ತನ್ನ ಕಿವಿಗೆ ಹೊಡೆದುಕೊಳ್ಳತೊಡಗಿದಳು. ಲಮೈ ಆ ಕೈ ಹಿಡಿದುಕೊಂಡಳು.

“ಮೇಷ್ಟ್ರೇ, ನನ್ನ ಹೆಸರು ಬರೀರಿ,” ಎಂದಳು ಮುದುಕಿ.

“ಅಜ್ಜೀ, ಭಿಕ್ಷುಗಳ ಮುಂದೆ, ಮೈಕಿನಲ್ಲಿ, ಸುಳ್ಳು ಓದೋಕಾಗುತ್ತಾ?”

“ಹಂಗೆ ಬರೆದ್ರೆ ಲಮೈ ಅವನಿಗೆ ತಂಗಿ ಆಗ್ಬಿಡ್ತಾಳಲ್ಲಜ್ಜಿ!” ಎಂದ ಸಮಾನ್.

“ಬಾಯ್ಮುಚ್ಚೋ. ನಿನ್ನ ಫ್ಯಾನಿನ ಥರ ಬುದ್ಧೀನೂ ಹಿಂದಕ್ಕೇ ತಿರುಗುತ್ತೆ.” ಮುದುಕಿ ಮೇಷ್ಟ್ರ ಕಡೆ ನೋಡಿದಳು. “ನಾನು ಹೆತ್ತೆ ಅಂತ ಬರೀಬೇಡಿ. ತಾಯಿ ಅಂತ ಬರೀರಿ. ಜ್ವರ ಬಂದಾಗ ಗಂಜಿ ಕುಡಿಸಿದೀನಿ. ಕುಡಿದು ಬಂದಾಗ ಬೈದಿದೀನಿ. ಊರು ಬಿಟ್ಟು ಬಂದವನು ಬಾಯಿಬಿಟ್ಟು ಅತ್ತದ್ದು ನನ್ನ ಮುಂದೆ. ಇದರಲ್ಲಿ ಯಾವುದು ಸುಳ್ಳು, ಹೇಳಿ.”

ಮೇಷ್ಟ್ರು ಪೆನ್ನಿಗೆ ಕ್ಯಾಪು ಹಾಕಿದರು. “ನೋಡೋಣ,” ಎಂದಷ್ಟೇ ಹೇಳಿ ಎದ್ದುಹೋದರು. ಆ ಸಾಲು ಖಾಲಿಯೇ ಇತ್ತು.

* * *

ಪೆಟ್ಟಿಗೆಯನ್ನು ಚಿತಾಗಾರಕ್ಕೆ ಅಪ್ರದಕ್ಷಿಣೆಯಾಗಿ ಮೂರು ಸುತ್ತು ತಂದು, ಮೆಟ್ಟಿಲ ಮೇಲಕ್ಕೆ ಏರಿಸಿ ಇಟ್ಟಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕೇರಿಗೆ ಕೇರಿಯೇ ಕಪ್ಪು ಬಟ್ಟೆ ಹಾಕಿಕೊಂಡು ಬಂದಿತ್ತು. ಮೇಷ್ಟ್ರು ಮೈಕು ತಟ್ಟಿ ಶುರುಮಾಡಿದರು. ಹುಟ್ಟಿದ ಊರು ಓದಿದರು. ಬಸ್ಸು ಓದಿದರು. ರಸ್ತೆ ಗುಡಿಸುತ್ತಿದ್ದದ್ದನ್ನು ಓದಿದರು. ಫ್ಯಾನು ಬಂದಾಗ ಹಿಂದಿನ ಸಾಲಿನವರು ನಕ್ಕರು, ನಕ್ಕು ಕಣ್ಣೊರೆಸಿಕೊಂಡರು.

“ಇವರ ತಾಯಿ…” ಎಂದು ಮೇಷ್ಟ್ರು ನಿಂತರು.

ಲಮೈ ಗಂಡನ ಫೋಟೋವನ್ನು ಎದೆಗೆ ಒತ್ತಿಕೊಂಡಳು. ತಾಲ್ಲೂಕು ಕಚೇರಿಯ ಹುಡುಗಿ ಹಾಕಿದ ಗೆರೆ ಅವಳ ಕಣ್ಣ ಮುಂದೆ ಬಂತು. ಮೇಷ್ಟ್ರು ಕನ್ನಡಕ ತೆಗೆದರು, ಅಂಗಿಯ ಅಂಚಿಗೆ ಒರೆಸಿದರು, ಮತ್ತೆ ಹಾಕಿಕೊಂಡರು. ಕಾಗದ ನೋಡಲಿಲ್ಲ.

“ಇವರ ತಾಯಿ, ಇದೇ ಕೇರಿಯ ತೋಂಗ್ಮಿ.”

ಯಾರೂ ನಗಲಿಲ್ಲ. ಸಮಾನ್ ಕೂಡ ನಗಲಿಲ್ಲ. ಲಮೈ ಮೂರು ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ, ನಾಚಿಕೆ ಬಿಟ್ಟು ಅತ್ತಳು.

ಜನರೆಲ್ಲ ಒಬ್ಬೊಬ್ಬರಾಗಿ ಮೆಟ್ಟಿಲೇರಿ ಗಂಧದ ಹೂವಿಟ್ಟು ಇಳಿದರು. ಕೊನೆಗೆ ಮನೆಯವರ ಸರದಿ. ಮುದುಕಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಸಮಾನ್ ಇನ್ನೂ ಮೂವರನ್ನು ಕರೆದು ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದ. ಚಿತಾಗಾರದ ಆಳು ಪೆಟ್ಟಿಗೆಯ ಮುಚ್ಚಳ ತೆಗೆದು, ಕೊನೆಯ ಸಲ ಮುಖ ತೊಳೆಯಲೆಂದು ತೆಂಗಿನಕಾಯಿ ಒಡೆದು ಅವಳ ಕೈಗಿತ್ತ.

ಅವಳು ಕಾಯಿಯ ನೀರನ್ನು ನಿಧಾನವಾಗಿ ಅವನ ಮುಖದ ಮೇಲೆ ಸುರಿದಳು. ಹೆಗಲ ಮೇಲಿನ ಬಟ್ಟೆ ತೆಗೆದು ಹಣೆ ಒರೆಸಿದಳು, ಮೂಗು ಒರೆಸಿದಳು, ಕುರುಚಲು ಗಡ್ಡ ಒರೆಸಿದಳು.

“ಸಾಕಜ್ಜಿ, ಹೊತ್ತಾಯ್ತು,” ಎಂದ ಆಳು, ಕಬ್ಬಿಣದ ಬಾಗಿಲಿಗೆ ಕೈಯಿಟ್ಟು.

“ತಾಳೋ,” ಎಂದಳು ತೋಂಗ್ಮಿ. ಕುರ್ಚಿಯಿಂದ ಇನ್ನಷ್ಟು ಮುಂದಕ್ಕೆ ಬಾಗಿ, ಎರಡು ಬೆರಳಿನಿಂದ ಅವನ ಕಿವಿಯನ್ನು ಮೆಲ್ಲಗೆ ಮಡಿಸಿ ಹಿಡಿದು, ಅದರ ಹಿಂದೆ ಒರೆಸತೊಡಗಿದಳು.