ಸೈಕಲ್ ಪೋಲೋಕ್ಕೆ ಮುಯ್ಯಾಳು

ಮುಂಡಗೋಡದಲ್ಲಿ ಹುಬ್ಬಳ್ಳಿ ಬಸ್ಸು ನಿಲ್ಲುವ ಕಡೆ ಯಲ್ಲಪ್ಪನ ಚಹದಂಗಡಿ ಇದೆ. ಅದರ ಮುಂದಿನ ಬೆಂಚಿನ ಬಲತುದಿ ನನ್ನದು. ಭಾನುವಾರ ಸಂಜೆ ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ನಾನು ಕೂತು ಅನಮೋಡದ ಹುಲಿಯ ಕಥೆ ಹೇಳುತ್ತಿದ್ದೆ. ನಾನು ಸೈಕಲ್ ಮೇಲೆ ಗೋವಾಕ್ಕೆ ಹೊರಟಾಗ ಕಾಡಿನಲ್ಲಿ ಹುಲಿ ಬೆನ್ನು ಹತ್ತಿದ್ದು, ಚೆಕ್‌ಪೋಸ್ಟಿನ ಗೇಟು ಹಾಕಿದ್ದು, ಗೇಟಿನವನು ನನ್ನ ಚೀಲ ನೋಡಿ ನನ್ನನ್ನು ಬಿಟ್ಟು, ಹುಲಿಯನ್ನು ತಡೆದು ಪಾಸ್ ಕೇಳಿದ್ದು. ನಂಬದವರು ಗೇಟಿನವನನ್ನು ಕೇಳಬಹುದು. ಅವನು ಸಿಗದಿದ್ದರೆ ಹುಲಿಯನ್ನು ಕೇಳಬಹುದು.

ಕೇಳುವ ಮಂದಿ ಬಸ್ಸು ಬಂದರೂ ಏಳುತ್ತಿರಲಿಲ್ಲ. ಕಲಘಟಗಿಯವನೊಬ್ಬ ಕಥೆ ಮುಗಿಯಲೆಂದು ಕಾದು ಕಾದು, ಕೊನೆಗೆ ಇಲ್ಲೇ ಹೆಣ್ಣು ನೋಡಿ ಮದುವೆಯಾದ. ಅಂಥ ಬೆಂಚು ಅದು. ಅದು ಕೈತಪ್ಪಿದ್ದು ಗೇಣುದ್ದದ ಒಂದು ಪೈಪಿನಿಂದ.

ನನ್ನದು ಪಂಪು, ಪೈಪುಗಳ ಅಂಗಡಿ. ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ದುರ್ಗಾ ಒಂದು ದಿನ ಬಂದಳು.

"ತುಂಡು ಪೈಪ್ ಇದ್ರ ಕೊಡ್ರಿ ಕಾಕಾ. ಗೇಣುದ್ದ ಸಾಕು. ದಪ್ಪಂದು ಬೇಕು."

"ಗೇಣು ಪೈಪ್ ತಗೊಂಡು ಏನ್ ಮಾಡ್ತಿಯವಾ? ಇರುವಿ ಹೊಲಕ್ಕ ನೀರು ಹಾಯಿಸ್ತೀಯೇನು?"

"ಪೋಲೋ ಆಡೂದಕ್ರಿ."

"ಅದು ಕುದರಿ ಮ್ಯಾಲ ಆಡೂದಲ್ಲ?"

"ಕುದರಿ ಎಲ್ಲಿಂದ ತರೂಣ್ರಿ? ಸೈಕಲ್ ಮ್ಯಾಲ ಆಡ್ತೇವಿ. ಕುದರಿಗೆ ಹುಲ್ಲು ಹಾಕಬೇಕು. ಸೈಕಲ್ಲಿಗೆ ಗಾಳಿ ಹಾಕಿದ್ರ ಆತು, ಗಾಳಿ ನಮ್ಮ ಅಂಗಡ್ಯಾಗ ಪುಕ್ಕಟ ಐತಿ. ಐತವಾರ ಬಂದು ನೋಡ್ರಿ."

ನೋಡಲೆಂದೇ ಹೋದೆ. ಮುಚ್ಚಿದ ಅಕ್ಕಿ ಗಿರಣಿಯ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಅಂಗಳ, ಸುತ್ತ ಮೊಣಕಾಲೆತ್ತರದ ಕಟ್ಟೆ. ಬಿದಿರಿನ ಕೋಲಿನ ತುದಿಗೆ ನನ್ನ ಪೈಪನ್ನೇ ಅಡ್ಡಲಾಗಿ ಸಿಕ್ಕಿಸಿ ಬಡಿಗೆ ಮಾಡಿದ್ದರು. ದುರ್ಗಾ ಇದ್ದಳು. ಹಿಟ್ಟಿನ ಗಿರಣಿಯ ಗುರುಸಿದ್ದವ್ವ ಸೀರೆಯ ಕಚ್ಚೆ ಹಾಕಿ ನಿಂತಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸಂಜೀವಕುಮಾರ ಮಾಸ್ತರರು, ಟ್ರ್ಯಾಕ್ಟರ್ ಹೊಡೆಯುವ ತುಳಸಿರಾಮ, ಅವನ ತಮ್ಮ ಇದ್ದರು. ಈ ಆಟಕ್ಕೆ ಕಡೆಗೆ ಮೂವರಂತೆ ಆರು ಜನ ಬೇಕು. ಆರನೆಯವನು ದಾಂಡೇಲಿಗೆ ಕೆಲಸಕ್ಕೆ ಹೋಗಿಬಿಟ್ಟಿದ್ದ. ಐವರೂ ನನ್ನನ್ನು ನೋಡಿದ ರೀತಿಯಲ್ಲಿ ನಾನು ಆಗಲೇ ತಿರುಗಿ ಹೋಗಬೇಕಿತ್ತು.

"ನನಗ ಬರೂದಿಲ್ಲವಾ," ಅಂದೆ.

"ನಮಗೂ ಬರೂದಿಲ್ರಿ," ಅಂದರು ಗುರುಸಿದ್ದವ್ವ. "ಆಟ ಬರೋವ್ರು ಯಾರೂ ಇಲ್ಲಿಗೆ ಬರೂದಿಲ್ಲ."

ದುರ್ಗಾ ಒಂದು ಸೈಕಲ್ ತಂದು ಸೀಟು ಇಳಿಸಿದಳು. ಬಲಗೈಯಲ್ಲಿ ಬಡಿಗೆ ಹಿಡಿಯಬೇಕಲ್ಲ, ಅದಕ್ಕೆ ಬ್ರೇಕನ್ನು ಎಡಗೈಯ ಕಡೆ ಕಟ್ಟಿದಳು. ತಲೆಗೆ ಹೆಲ್ಮೆಟ್ ಇಟ್ಟಳು. ಆಮೇಲೆ ನಿಯಮ ಹೇಳಿದಳು: "ಕಾಲು ನೆಲಕ್ಕ ತಾಗಬಾರದ್ರಿ. ತಾಗಿತಂದ್ರ ಚೆಂಡು ಮುಟ್ಟಂಗಿಲ್ಲ. ಅಕಾ ಅಲ್ಲಿ, ನಡುಗೆರಿ ತುದಿಗೆ ಡ್ರಮ್ ಐತಲ್ಲ, ಅದಕ್ಕ ಬಡಿಗೀಲೆ ಒಂದೇಟು ಬಡದು ಮತ್ತ ಒಳಗ ಬರಬೇಕು. ಇಷ್ಟ."

"ಬಿದ್ರ?"

"ಬಿದ್ರ ಎಲ್ಲಾರೂ ನಿಂತು ಎಬ್ಬಿಸ್ತೇವಿ. ನಗೂದು ಆಮ್ಯಾಲ."

ಆರೂ ಬಡಿಗೆಗಳನ್ನು ನಡುವೆ ರಾಶಿ ಹಾಕಿ, ಮಾಸ್ತರರು ಕಣ್ಣು ಮುಚ್ಚಿಕೊಂಡು ಒಂದು ಎಡಕ್ಕೆ, ಒಂದು ಬಲಕ್ಕೆ ಎಸೆದರು. ಯಾರ ಬಡಿಗೆ ಎತ್ತ ಬಿತ್ತೋ ಅವರು ಆ ಕಡೆ. ಆಟ ಶುರುವಾಯಿತು. ನಾನು ಬಿದ್ದೆ. ಬಿದ್ದ ಜಾಗದಲ್ಲಿ ಸಿಮೆಂಟು ಬಿರುಕು ಬಿಟ್ಟಿತು. ಈಗ ಅದನ್ನೇ ಗೋಲಿನ ಗೆರೆಯಾಗಿ ಬಳಸುತ್ತಾರೆ, ಸುಣ್ಣದ ಖರ್ಚು ಉಳಿಯಿತು. ಹೇಳಿದಂತೆಯೇ ಎಲ್ಲರೂ ಓಡಿ ಬಂದು ಎಬ್ಬಿಸಿದರು, ಧೂಳು ಕೊಡವಿದರು, ನೀರು ಕುಡಿಸಿದರು. ನನ್ನ ಮದುವೆಯಲ್ಲೂ ನನಗೆ ಇಷ್ಟು ಉಪಚಾರ ಆಗಿರಲಿಲ್ಲ.

ಆ ಉಪಚಾರವೇ ನನ್ನ ಬಾಯಿ ಕೆಡಿಸಿತು. ಹೊರಡುವಾಗ ದುರ್ಗಾ, "ಭಾಳ ಉಪಕಾರ ಆತ್ರಿ ಕಾಕಾ, ನಿಮ್ಮಿಂದ ಆಟ ನಡೀತು," ಅಂದಳು. ನಾನು ದೊಡ್ಡಸ್ತಿಕೆಯಿಂದ, "ಅದರಾಗೇನೈತಿ, ಮುಯ್ಯಾಳು ಅಂತ ತಿಳಕೋರಿ," ಅಂದುಬಿಟ್ಟೆ.

ನಮ್ಮ ಕಡೆ ಮುಯ್ಯಾಳು ಅಂದರೆ ಕೂಲಿ ಇಲ್ಲದ ಕೆಲಸ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಬಂದಷ್ಟು ಆಳು ತಿರುಗಿ ಹೋಗಲೇಬೇಕು. ಮುಯ್ಯಾಳು ತೀರಿಸದವನ ಮನೆಯ ಮದುವೆಯಲ್ಲಿ ಹಂದರ ಹಾಕಲು ಜನ ಸಿಗುವುದಿಲ್ಲ. ಈ ಮಾತನ್ನು ನಗುತ್ತ ಆಡಬಾರದು. ನಾನು ಆಡಿದೆ.

ಬುಧವಾರ ಬೆಳಿಗ್ಗೆ ಐವರೂ ಕುಡುಗೋಲು ಹಿಡಿದು ನನ್ನ ಗೋವಿನಜೋಳದ ಹೊಲದಲ್ಲಿ ನಿಂತಿದ್ದರು. ನಾನು ಬ್ಯಾಡ ಬ್ಯಾಡ ಅನ್ನುವುದರೊಳಗೆ ಅರ್ಧ ಹೊಲ ಮುಗಿದಿತ್ತು. ಗುರುಸಿದ್ದವ್ವ ಕೊಯ್ಯುವ ವೇಗಕ್ಕೆ ಹೊಲದ ಹಂದಿಗಳು ತಾವಾಗಿಯೇ ಗಂಟು ಕಟ್ಟಿಕೊಂಡು ಹೊರಟವು. ನನ್ನ ಹೆಂಡತಿ ಶಾಂತಾದೇವಿ ರೊಟ್ಟಿ, ಝುಣಕ ತಂದಳು. ಅವಳಿಗೆ ಅವರೆಲ್ಲ ಭಾಳ ಹಿಡಿಸಿದರು.

ಉಂಡು ಕೈ ತೊಳೆಯುತ್ತ ಮಾಸ್ತರರು ಅಂದರು: "ನೀವು ಒಬ್ರು ಬಂದಿದ್ರಿ. ನಾವು ಐದು ಮಂದಿ ಬಂದೇವಿ. ಇನ್ನ ನಾಕು ಐತವಾರ ನಿಮ್ಮ ಕಡೆ ಉಳೀತು."

ಆ ನಾಲ್ಕು ಭಾನುವಾರ ತೀರುವುದರೊಳಗೆ ಅವರು ತೆನೆ ಸುಲಿಯಲು ಬಂದರು. ಅದನ್ನು ತೀರಿಸುವಾಗ ಭತ್ತ ಕೊಯ್ಯಲು ಬಂದರು. ನಾನು ಕದ ಹಾಕಿದರೆ ಶಾಂತಾದೇವಿ ತೆಗೆಯುತ್ತಿದ್ದಳು. ಸಾಲ ಕೊಟ್ಟವರಾದರೆ ಬೈಯುತ್ತಾರೆ, ತಿರುಗಿ ಬೈಯಬಹುದು. ಇವರು ನಗುತ್ತ ಬಂದು, ಬೆವರಿಳಿಸಿ ದುಡಿದು, ನಗುತ್ತ ಹೋಗುತ್ತಿದ್ದರು. ಎಲ್ಲಿಂದ ತಪ್ಪಿಸಿಕೊಳ್ಳುವುದು?

ಮೊಣಕಾಲು ನೋವು ಅಂದೆ. ಗುರುಸಿದ್ದವ್ವ ಬಿಸಿ ಎಣ್ಣೆ ತಂದು ಶಾಂತಾದೇವಿಯ ಕೈಯಿಂದ ಎಷ್ಟು ತಿಕ್ಕಿಸಿದರೆಂದರೆ, ಇನ್ನೊಂದು ಮೊಣಕಾಲಿಗೆ ಹೊಟ್ಟೆಕಿಚ್ಚಾಯಿತು. ಸೈಕಲ್ ಪಂಕ್ಚರ್ ಅಂದೆ. ದುರ್ಗಾಳ ಮುಂದೆ ಆ ನೆಪ ಹೇಳಬಾರದಿತ್ತು. ಒಂದು ಭಾನುವಾರ ನಸುಕಿನಲ್ಲೇ ಎದ್ದು ಹಳಿಯಾಳದ ಬೀಗರ ಮನೆಗೆ ಓಡಿಹೋದೆ. ಮಧ್ಯಾಹ್ನ ಊಟ ಮಾಡಿ ಹೊರಗೆ ಬಂದರೆ ತುಳಸಿರಾಮನ ಟ್ರ್ಯಾಕ್ಟರ್ ನಿಂತಿತ್ತು. ಟ್ರಾಲಿಯಲ್ಲಿ ಆರು ಸೈಕಲ್ಲು, ಡ್ರಮ್ಮು.

"ನೀವು ಅಷ್ಟು ದೂರ ತಿರುಗಿ ಬರೂದು ತ್ರಾಸಾಗಬಾರದು ಅಂತ ನಾವ ಬಂದ್ವಿರಿ," ಅಂದ ತುಳಸಿರಾಮ.

ಬೀಗರ ಕಣದಲ್ಲಿ, ಬೀಗಿತಿಯ ಎದುರಿಗೆ, ನಾನು ಮೂರು ಸಲ ಬಿದ್ದೆ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಯಲ್ಲಪ್ಪ ತಂದ ಸುದ್ದಿ. ಪೈಪು ಒಯ್ಯಲು ಬಂದವನು ಹೊಸ್ತಿಲಲ್ಲೇ ನಿಂತು ಹೇಳಿದ: "ಸಾವ್ಕಾರ, ನಿಮ್ಮ ಜಾಗಾದಾಗ ಅಡಿವೆಯ್ಯನವರು ಕುಂಡ್ರಾಕತ್ಯಾರ್ರಿ."

ಅಡಿವೆಯ್ಯ ಪೋಸ್ಟಿನಲ್ಲಿದ್ದು ನಿವೃತ್ತರಾದವರು. ಇಷ್ಟು ವರ್ಷ ಬೆಂಚಿನ ಎಡತುದಿಯಲ್ಲಿ ಕೂತು ನನ್ನ ಕಥೆಗೆ ಹೂಂ ಅಂದವರು.

"ಕುಂಡ್ರಲಿ ಬಿಡು. ವಯಸ್ಸಾದವರು."

"ಅನಮೋಡದ ಕಥಿ ಹೇಳ್ತಾರ್ರಿ. ತಮಗ ಆಗಿದ್ದು ಅಂತ."

ನಾನು ಅಳೆಯುತ್ತಿದ್ದ ಪೈಪನ್ನು ಕೆಳಗಿಟ್ಟೆ.

"ಅವರ ಕಥ್ಯಾಗ ಹುಲಿ ಇಲ್ರಿ. ಚಿರತಿ ಐತಿ."

"ಚಿರತಿ?"

"ಹೂಂರಿ. ನೀವು ಹಿಂಗ ಬಿಟ್ರ ಬರೋ ವಾರ ಬೆಕ್ಕು ಆಕ್ಕೈತಿ."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಹುಲಿಯನ್ನು ಆ ಬೆಂಚಿನ ಮೇಲೆ ದಿನಕ್ಕಿಷ್ಟು ಸಣ್ಣದು ಮಾಡುತ್ತಿದ್ದಾರೆ, ನಾನು ಅದೇ ಹೊತ್ತಿಗೆ ಅಂಗಳದಲ್ಲಿ ಡ್ರಮ್ಮಿಗೆ ಬಡಿಯುತ್ತಿದ್ದೇನೆ. ಹಾಸಿಗೆಯಲ್ಲಿ ಹೊರಳುವಾಗ ದಾರಿ ಹೊಳೆಯಿತು. ಮುಯ್ಯಾಳಿಗೆ ತಾನು ಹೋಗಲಾಗದವನು ಬದಲಿ ಆಳು ಕಳಿಸಬಹುದು. ಹಿರಿಯರು ಒಪ್ಪಿದ ಪದ್ಧತಿ ಅದು.

ಮರುದಿನವೇ ಅಡಿವೆಯ್ಯನವರ ಮನೆಗೆ ಹೋದೆ. "ಅಯ್ಯನವರ, ಅಂಗಳದಾಗ ಹುಡುಗರು ಒಂದು ಆಟ ನಡಿಸ್ಯಾರ. ನಿಮ್ಮಂಥ ಹಿರಿಯರು ಬಂದು ಚೆಂಡಿಗೆ ಮೊದಲನೇ ಏಟು ಹಾಕಬೇಕು ಅಂತಾರ."

"ನಾನ ಯಾಕೋ ಶಿವಲಿಂಗಪ್ಪ?"

"ಚಿರತಿ ಬೆನ್ನ ಹತ್ತಿದ್ರೂ ಸೈಕಲ್ ಬಿಡಲಿಲ್ಲಂತಲ್ರಿ ನೀವು. ಊರಾಗೆಲ್ಲ ಅದ ಮಾತು."

ಅವರು ನನ್ನ ಮುಖ ನೋಡಿದರು. ನಾನು ಅವರ ಗೋಡೆಯ ಕ್ಯಾಲೆಂಡರ್ ನೋಡಿದೆ. ಬರುತ್ತೇನೆ ಅನ್ನದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಭಾನುವಾರ ಅವರನ್ನು ಅಂಗಳದ ಬಾಗಿಲವರೆಗೆ ಬಿಟ್ಟು, ಒಳಗೆ ಇಣುಕಿಯೂ ನೋಡದೆ ಬೆಂಚಿಗೆ ಬಂದು ಬಲತುದಿಯಲ್ಲಿ ಕೂತೆ. ಎಷ್ಟೋ ವಾರಗಳ ಮೇಲೆ ಎರಡೂ ಕಾಲು ನೆಲದ ಮೇಲೆ ಇಟ್ಟೆ. ಗಂಟಲು ಸರಿಮಾಡಿಕೊಂಡೆ.

ಕೇಳಲು ಯಾರೂ ಇರಲಿಲ್ಲ. ಹುಬ್ಬಳ್ಳಿ ಬಸ್ಸು ಬಂತು, ಹೋಯಿತು. ಯಲ್ಲಪ್ಪನ ಒಲೆಯೂ ಇರಲಿಲ್ಲ. ಕದಕ್ಕೆ ಕೀಲಿ ಹಾಕಿತ್ತು. ಒಂದು ನಾಯಿ ಬಂದು ಬೆಂಚಿನ ಕೆಳಗೆ ಮಲಗಿತು. ಅದಕ್ಕೆ ಸ್ವಲ್ಪ ಹೇಳಿ ನೋಡಿದೆ. ಹುಲಿ ಬರುವಲ್ಲಿಗೆ ಎದ್ದು ಹೋಯಿತು.

ಅಂಗಳಕ್ಕೆ ಹೋದರೆ ಊರೇ ಅಲ್ಲಿತ್ತು. ಚಿರತೆಯಿಂದ ಪಾರಾದ ಅಡಿವೆಯ್ಯನವರ ಸೈಕಲ್ ಸವಾರಿ ನೋಡಲು ನನ್ನ ಮಂದಿಯೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಡ್ರಮ್ಮಿನ ಪಕ್ಕದಲ್ಲೇ ಯಲ್ಲಪ್ಪ ಒಲೆ ಹೂಡಿದ್ದ. ಅಡಿವೆಯ್ಯ ಹಣೆಯ ವಿಭೂತಿ ಬೆವರಿನಲ್ಲಿ ಇಳಿದು, ಬಾಯಿ ತೆರೆದು ತಿರುಗುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿರುವ ಮುಖ. ಅವರು ಸಿಕ್ಕಿಬಿದ್ದಿದ್ದರು.

"ಬರ್ರಿ ಬರ್ರಿ ಕಾಕಾ," ಅಂದಳು ದುರ್ಗಾ. "ಏಳು ಮಂದಿ ಆದ್ವಿ. ಸರದಿ ಮ್ಯಾಲ ಒಬ್ರು ಹೊರಗ ಕುಂಡ್ರೂಣು. ನನ್ನ ಸೈಕಲ್ ಹತ್ರಿ."

"ಬದಲಿ ಆಳು ಕಳಿಸೇನಲ್ಲವಾ."

"ಅದು ಇವತ್ತಿನ ಐತವಾರಕ್ಕ ಸಂದಾಯ ಆತ್ರಿ," ಅಂದರು ಮಾಸ್ತರರು. "ಭತ್ತ ಕೊಯ್ದದ್ದು ಇನ್ನೂ ಹಂಗ ಐತಿ."

ಹತ್ತಿದೆ. ಎರಡು ಸುತ್ತು ಆಗುವುದರೊಳಗೆ ಗುರುಸಿದ್ದವ್ವನ ಸೈಕಲ್ ಅಡ್ಡ ಬಂದು ನನ್ನ ಕಾಲು ನೆಲಕ್ಕೆ ತಾಗಿತು. ಡ್ರಮ್ಮಿನ ಹತ್ತಿರ ಹೋದೆ. ಬಡಿಗೆ ಎತ್ತಿದೆ. ಎದುರಿಗೆ ಯಲ್ಲಪ್ಪ, ಕಲಘಟಗಿಯವನು, ಅವನ ಹೆಂಡತಿ, ಎಲ್ಲ ಚಹದ ಕಪ್ಪು ಹಿಡಿದು ಕೂತಿದ್ದರು.

"ಅವತ್ತು ಅನಮೋಡದಾಗ," ಅಂದೆ, "ನನ್ನ ಬೆನ್ನ ಹಿಂದ ಬಂದದ್ದು ಹುಲಿ."

ಡ್ರಮ್ಮಿಗೆ ಬಡಿದೆ. ಒಳಗೆ ಹೋದೆ. ಹಿಂದಿನಿಂದ ಯಾರೋ, "ಆಮ್ಯಾಲೇನಾತ್ರಿ?" ಅಂದದ್ದು ಕೇಳಿಸಿತು.

ಮತ್ತೆ ಕಾಲು ನೆಲಕ್ಕೆ ತಾಗಿತು. ಈ ಸಲ ಯಾರೂ ಅಡ್ಡ ಬಂದಿರಲಿಲ್ಲ.

"ಆರು ಮಾರು ಉದ್ದ. ಬಾಲ ಬಿಟ್ಟು." ಬಡಿದೆ.

ನಾನು ಇದ್ದ ಕಡೆಯವರು ಆ ದಿನ ದೊಡ್ಡದಾಗಿ ಸೋತರು. ಮುಂದಿನ ವಾರ ಅಡಿವೆಯ್ಯನವರಿಗೂ ಗುಟ್ಟು ತಿಳಿಯಿತು. ನಾನು ಹುಲಿ ಅಂದು ಹೋದರೆ, ಹಿಂದೆಯೇ ಕಾಲೂರಿಕೊಂಡು ಬಂದು ಅವರು ಚಿರತೆ ಅನ್ನುತ್ತಾರೆ. ಇಬ್ಬರೂ ಡ್ರಮ್ಮಿನ ಹತ್ತಿರವೇ ಇರುವುದರಿಂದ ಆಟ ನಾಲ್ವರ ಮೇಲೆ ನಡೆಯುತ್ತದೆ. ದುರ್ಗಾ ಒಮ್ಮೆ ಬಂದು ಸಮಾಧಾನದಿಂದಲೇ ಕೇಳಿದಳು: "ಕಾಕಾ, ಅಯ್ಯನವರ, ಒಬ್ಬರಾದ್ರೂ ಒಂದ್ ಗೋಲ್ ಹೊಡೀತೀರೇನ್ರಿ?" ನಮ್ಮನ್ನು ತೆಗೆದುಹಾಕಲು ಅವಳಿಗೂ ಆಗುವುದಿಲ್ಲ. ನನ್ನ ಮುಯ್ಯಾಳು ತೀರಿಲ್ಲವಲ್ಲ, ಅಡಿವೆಯ್ಯನವರೋ ನನ್ನ ಬದಲಿ ಆಳು.

ತೀರುವ ಹಾಗೂ ಕಾಣುವುದಿಲ್ಲ. ನಿನ್ನೆ ಐವರೂ ಬಂದು ನನ್ನ ಶೇಂಗಾ ಕಿತ್ತು ಹೋದರು. ಇನ್ನು ಕಥೆಯನ್ನಾದರೂ ಮುಗಿಸೋಣವೆಂದರೆ, ಮುಗಿದ ದಿನ ಕಟ್ಟೆಯ ಮೇಲಿನವರು ಎದ್ದು ಬಸ್ಸು ಹತ್ತುತ್ತಾರೆ, ನಾನು ಬರಿಯ ಡ್ರಮ್ಮಿನ ಮುಂದೆ ಉಳಿಯುತ್ತೇನೆ. ಅದಕ್ಕೇ ಕಥೆಯಲ್ಲಿ ಗೇಟು ಎತ್ತಿಸುತ್ತಿಲ್ಲ. ಹುಲಿ ಪಾಪ, ಮಳೆಗಾಲ ಕಳೆದರೂ ಅನಮೋಡದ ಚೆಕ್‌ಪೋಸ್ಟಿನಲ್ಲೇ ನಿಂತಿದೆ. ಅದರ ಸಂಕಟ ನನಗೆ ಗೊತ್ತು.