ಧೂಳಿನ ವಿಚಾರಕ್ಕೆ ಸಾಹೇಬರು ಬಂದದ್ದು

ಗಂಡ ಸೇತುರಾಮ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ಕೆಲಸ ತುಂಗಾಳದು. ಯಲಹಂಕದ ಕಡೆಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಕ್ಲರ್ಕು. ವ್ಯಾಗನ್ನು ಬಂದು ನಿಂತರೆ ಸೀಲು ನೋಡುವುದು, ಮಾಲು ಇಳಿಸಿಕೊಡುವುದು, ತಡವಾದರೆ ವ್ಯಾಪಾರಿಗಳ ಕೈಲೂ ಮೇಲಿನವರ ಕೈಲೂ ಬೈಸಿಕೊಳ್ಳುವುದು. ಸೇರಿದಾಗ ಮಗಳು ಚೈತ್ರ ಕಂಕುಳಲ್ಲಿದ್ದಳು. ಈಗ ಅಮ್ಮನಿಗೆ ಇನ್ಹೇಲರ್ ತಂದುಕೊಡುವವಳೇ ಅವಳು. ಬರುತ್ತಿದ್ದುದು ಬಹುಪಾಲು ಸಿಮೆಂಟು. ಎಷ್ಟು ತಿಕ್ಕಿ ತೊಳೆದರೂ ತುಂಗಾಳ ಕೂದಲಲ್ಲಿ ಬೂದಿ ಬಣ್ಣ ಉಳಿಯುತ್ತಿತ್ತು. ನಿಜವಾಗಿ ನರೆತದ್ದು ಯಾವಾಗ ಅಂತ ಅವಳಿಗೇ ತಿಳಿಯಲಿಲ್ಲ.

ಶೆಡ್ಡಿನ ಪಕ್ಕ ಅಪಾರ್ಟ್‌ಮೆಂಟುಗಳು ಎದ್ದವು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲ, ಮಕ್ಕಳಿಗೆ ಕೆಮ್ಮು ಎಂದು ಅಲ್ಲಿಯವರು ದೂರು ಕೊಟ್ಟರು. ಒಂದು ಮಧ್ಯಾಹ್ನ ವಿಚಾರಣೆಗೆ ಸಾಹೇಬರೊಬ್ಬರು ಬಂದರು. ಮೂಗಿಗೆ ಕರ್ಚೀಫು ಹಿಡಿದು ಶೆಡ್ಡೆಲ್ಲ ಸುತ್ತಿದರು. ಹೊರಡುವ ಮುಂಚೆ ಸುಮ್ಮನೆ ಮಾತಿಗೆ ಅನ್ನುವಂತೆ ತುಂಗಾಳನ್ನು ಕೇಳಿದರು: "ನೀವೇನ್ ಹೇಳ್ತೀರಮ್ಮ? ಇಷ್ಟು ವರ್ಷದಿಂದ ಇದೀರಿ."

ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವತ್ತು ಬೆಳಗಿನಿಂದ ಉಸಿರು ಬೇರೆ ಕಟ್ಟುತ್ತಿತ್ತು.

"ಅವ್ರು ಹೇಳ್ತಿರೋದು ನಿಜ ಸಾರ್. ಇಲ್ಲಿ ಮನುಷ್ಯರು ಇರೋಕಾಗಲ್ಲ," ಅಂದುಬಿಟ್ಟಳು.

ಮಳೆಗಾಲ ಮುಗಿಯುವ ಮೊದಲೇ ಆರ್ಡರ್ ಬಂತು. ಸಿಮೆಂಟು ಇನ್ನು ಇಲ್ಲಿ ಇಳಿಯುವುದಿಲ್ಲ, ದೊಡ್ಡಬಳ್ಳಾಪುರದಾಚೆಯ ಹೊಸ ಶೆಡ್ಡಿಗೆ ಹೋಗುತ್ತದೆ. ತುಂಗಾಳನ್ನೂ ಅಲ್ಲಿಗೇ ಹಾಕಿದ್ದರು. ಇಲ್ಲಿನ ಸಿಬ್ಬಂದಿಯೂ ದೂರನ್ನು ಒಪ್ಪಿದ್ದಾರೆ ಅನ್ನುವ ಸಾಲೊಂದು ಅದರಲ್ಲಿತ್ತು. ಸಿಬ್ಬಂದಿ ಅಂದರೆ ಅಲ್ಲಿ ಇದ್ದವಳು ಅವಳೊಬ್ಬಳೇ.

ಹಮಾಲರ ಮೇಸ್ತ್ರಿ ಮುಬೀನ್ ಸೇತುರಾಮನ ಕಾಲದಿಂದಲೂ ಇದ್ದವನು. ಬಂದು ಬಾಗಿಲಲ್ಲಿ ನಿಂತ. ಬೈದರೆ ಬೈಯಲಿ ಅಂತ ತುಂಗಾ ಕಾದಳು.

"ಸುಳ್ಳು ಹೇಳಿಲ್ಲ ಬಿಡಿ ಮೇಡಂ. ನಮಗೂ ಕೆಮ್ಮೇ. ಆದ್ರೆ ನಮ್ ಮನೆಗಳೆಲ್ಲ ಇಲ್ಲೇ ಇದಾವೆ. ಒಂದ್ ಮಾತು ನಮ್ಮನ್ನೂ ಕೇಳ್ಬೇಕಿತ್ತು."

"ಸುಸ್ತಾಗಿತ್ತು ಮುಬೀನ್." ಅದು ಬಿಟ್ಟು ಬೇರೆ ಕಾರಣ ಅವಳಿಗೆ ಸಿಗಲಿಲ್ಲ.

"ಯಾರಿಗಾಗಿಲ್ಲ ಮೇಡಂ," ಅಂದು ಅವನು ಹೊರಟುಹೋದ.

ಹಮಾಲರ ಗ್ಯಾಂಗು ಒಡೆಯಿತು. ಒಬ್ಬ ಅದೇ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆದ. ಕೆಲವರು ಯಶವಂತಪುರದ ಮಂಡಿಗೆ ಈರುಳ್ಳಿ ಹೊರಲು ಹೋದರು. ಮುಬೀನ್ ಮಿಕ್ಕವರನ್ನು ಕಟ್ಟಿಕೊಂಡು ದೊಡ್ಡಬಳ್ಳಾಪುರದ ಕಡೆಯ ಬೆಳಗಿನ ಪ್ಯಾಸೆಂಜರ್ ಹತ್ತಿದ.

ತುಂಗಾಳದೂ ಅದೇ ಗಾಡಿ. ಅವರು ಕೂರುವ ಡಬ್ಬಿ ಬಿಟ್ಟು ಬೇರೆಯದನ್ನು ಹುಡುಕಿ ಹತ್ತುತ್ತಿದ್ದಳು. ಒಂದು ದಿನ ಅವಳು ಬರುವಷ್ಟರಲ್ಲಿ ಗಾಡಿ ಸಿಳ್ಳೆ ಹಾಕಿಬಿಟ್ಟಿತು. ಮುಂದಕ್ಕೆ ಓಡಲು ಆಗದೆ ಎದುರಿಗೆ ಸಿಕ್ಕ ಡಬ್ಬಿಗೇ ಹತ್ತಿದಳು. ನೋಡಿದರೆ ಒಳಗೆ ಅವರೇ. ಕಂಬಿ ಹಿಡಿದು ಏದುಸಿರು ಬಿಡುತ್ತ ನಿಂತಳು. ರಾಜಾನುಕುಂಟೆ ದಾಟಿದ ಮೇಲೆ ಮುಬೀನ್ ಪಕ್ಕದವನನ್ನು ಮೊಣಕೈಯಿಂದ ತಳ್ಳಿದ. ಅವನು ತನ್ನ ಪಕ್ಕದವನನ್ನು ಒತ್ತಿದ. ಬೆಂಚಿನ ತುದಿಯಲ್ಲಿ ಅಷ್ಟು ಜಾಗವಾಯಿತು.

ಮುಬೀನ್ ಕಿಟಕಿಯಾಚೆ ನೋಡುತ್ತಲೇ ಇದ್ದ. ತುಂಗಾ ಕೂತಳು. ಏನಾದರೂ ಹೇಳಬೇಕು ಅಂದುಕೊಂಡವಳಿಗೆ ಹಾಗೇ ತೂಕಡಿಕೆ ಹತ್ತಿತು.

"ಮೇಡಂ," ಯಾರೋ ಭುಜ ತಟ್ಟದೆ ಬೆಂಚು ತಟ್ಟಿ ಎಬ್ಬಿಸಿದರು. "ಬಂತು. ಇಳೀಬೇಕು."