ಸುಂಕಮ್ಮನ ಮನೆಗೆ ಬಂದ ಎಲೆಗಳು

ಮಗಳ ಶಾಲೆ ಚೀಲದಿಂದ ಇಸ್ಪೀಟೆಲೆಯಂಥ ಕಟ್ಟೊಂದು ಜಾರಿ ಬಿದ್ದಾಗ ಸುಂಕಮ್ಮನ ಎದೆ ಧಸಕ್ಕೆಂದಿತು. ಅಯ್ಯೋ ಶಿವನೇ, ಈ ಮನೆಯಲ್ಲಿ ಎಲೆಯೇ? ಗಂಡ ದುರುಗಪ್ಪ ಒಂದು ಕಾಲಕ್ಕೆ ಸಿರುಗುಪ್ಪದ ರೈಸ್‌ಮಿಲ್ಲಿನ ಹಿಂದೆ ಕೂತು ಹಗಲೆಲ್ಲ ಎಲೆ ಆಡಿ ಸಂಸಾರ ಮೂರಾಬಟ್ಟೆ ಮಾಡಿದವನು. ಕೊನೆಗೆ ತೊಟ್ಟಿಲಲ್ಲಿದ್ದ ಅನುಷಾಳ ತಲೆ ಮುಟ್ಟಿ, "ಇನ್ನು ಎಲಿ ಮುಟ್ಟಿದ್ರ ಈ ಕೂಸಿನಾಣಿ" ಅಂದಿದ್ದ. ಅಂದಿನಿಂದ ಮುಟ್ಟಿಲ್ಲ, ಅದೊಂದಕ್ಕೆ ಅವನನ್ನು ಮೆಚ್ಚಲೇಬೇಕು. ಈಗ ನೋಡಿದರೆ, ಯಾರ ತಲೆಯ ಮೇಲೆ ಆಣೆ ಇಟ್ಟಿದ್ದನೋ ಆ ಕೂಸಿನ ಕೈಯಲ್ಲೇ ಎಲೆ! ಹೆಚ್ಚುಕಮ್ಮಿ ಆದರೆ ಗತಿಯೇನು?

"ಸಾಲಿ ಸಾಕು. ಇವತ್ತ ಹೆಸರು ತೆಗಸ್ತೀನಿ" ಎಂದವಳೇ ಮಗಳ ರಟ್ಟೆ ಹಿಡಿದು ತೆಕ್ಕಲಕೋಟೆಯ ಶಾಲೆಗೆ ಎಳೆದುಕೊಂಡು ಹೋದಳು.

ಅಲ್ಲಿ ಏನು ನೋಡುವುದು! ಮಕ್ಕಳೆಲ್ಲ ನೆಲದ ಮೇಲೆ ದುಂಡಗೆ ಕೂತು ಎಲೆ ಹಂಚಿಕೊಳ್ಳುತ್ತಿದ್ದಾರೆ. ನಡುವೆ ವಿಜ್ಞಾನದ ಕಾವೇರಿ ಟೀಚರ್.

"ಏನ್ ಟೀಚರಮ್ಮ, ಮಕ್ಕಳಿಗೆ ಜೂಜು ಕಲಸಾಕ ನಿಮಗ ಪಗಾರ ಕೊಡ್ತಾರೇನು?"

ಬೇರೆಯವರಾಗಿದ್ದರೆ ಉರಿದು ಬೀಳುತ್ತಿದ್ದರು. ಕಾವೇರಿ ಟೀಚರ್ ಸರಿದು ಜಾಗ ಕೊಟ್ಟರು. "ಬರ್ರಿ ಅಮ್ಮ, ಕುಂದರ್ರಿ. ಒಂದಾಟ ನೋಡ್ರಿ. ಆಮ್ಯಾಲೆ ಬೇಕಾದ್ರ ಹೆಸರು ತೆಗಸ್ರಿ."

ಹಳೆಯ ಲಗ್ನಪತ್ರಿಕೆ ಕತ್ತರಿಸಿ ಮಾಡಿದ ಎಲೆಗಳವು. ರಾಜ ಇಲ್ಲ, ರಾಣಿ ಇಲ್ಲ, ಒಂದೊಂದರ ಮೇಲೂ ಒಂದೊಂದು ಮೂಲಪದ. ಸುಂಕಮ್ಮನಿಗೆ ಓದು ಬಾರದು, ಟೀಚರೇ ಬಿಡಿಸಿ ಹೇಳಿದರು: ಎಲೆಗೆ ಎಲೆ ಜೋಡಿಸಿ ಪದ ಕಟ್ಟಬೇಕು, ಅರ್ಥ ಹೇಳಿ ಕೆಳಗಿಡಬೇಕು, ಮೊದಲು ಕೈ ಖಾಲಿಯಾದವರು ಗೆದ್ದಂತೆ.

ಪಾಠದಲ್ಲಿ ದೊಡ್ಡ ಪದ ಕಂಡರೆ ಬಾಯಿಗೆ ಬೀಗ ಜಡಿಯುತ್ತಿದ್ದ ಹುಡುಗಿ ಅನುಷಾ. ಅಂಥವಳು 'ಸೂಕ್ಷ್ಮ'ದ ಪಕ್ಕ 'ದರ್ಶಕ' ಇಟ್ಟು, "ಸೂಕ್ಷ್ಮದರ್ಶಕ. ಸಣ್ಣದನ್ನ ತೋರ್ಸೋದು" ಅಂದಳು. ಆಮೇಲೆ 'ದೂರ' ತಂದಿಟ್ಟು, "ದೂರದರ್ಶಕ. ದೂರ ಇದ್ದದ್ದನ್ನ ತೋರ್ಸೋದು" ಅಂದಳು.

ಟೀಚರ್ ಎದ್ದು, ಇನ್ನೂ ಯಾವ ಪಾಠದಲ್ಲೂ ಬಾರದ ಪದವೊಂದನ್ನು ಹಲಗೆಯ ಮೇಲೆ ಬರೆದು ಓದಿದರು: "ಭೂಕಂಪಮಾಪಕ."

ಅನುಷಾ ಕೈಯಲ್ಲಿದ್ದ ಎಲೆಗಳನ್ನು ತಿರುವಿ ನೋಡಿದಳು. "ಭೂಮಿ... ನಡುಗೋದು... ಅಳೆಯೋದು. ಭೂಮಿ ಎಷ್ಟು ನಡುಗಿತು ಅಂತ ಅಳೆಯೋದು, ಟೀಚರ್!"

ಭಪ್ಪರೆ ಮಗಳೇ! ಸುಂಕಮ್ಮನ ಕಣ್ಣು ತುಂಬಿಬಂತು. ತಾನು ಹುಟ್ಟಿದಾಗಿನಿಂದ ಕೇಳದ ಪದವನ್ನು ಈ ಪೋರಿ ಕಡಲೆಕಾಯಿ ಒಡೆದಂತೆ ಒಡೆದಿಟ್ಟಳಲ್ಲ! ಅವಳು ಟೀಚರ ಕೈ ಹಿಡಿದುಕೊಂಡು, "ನಿಮ್ಮ ಹೊಟ್ಟಿ ತಣ್ಣಗಿರ್ಲಿ ತಾಯಿ" ಅಂದಳು. ಹೆಸರು ತೆಗೆಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಸಂಜೆ ಮನೆಗೆ ಬಂದ ದುರುಗಪ್ಪ, ಎಲೆ ಹರಡಿ ಕೂತ ತಾಯಿ ಮಗಳನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟ. ಎರಡೂ ಕೈ ಬೆನ್ನ ಹಿಂದೆ ಹೋದವು.

"ಇವು ಬ್ಯಾರೆ ಎಲಿ ಅಪ್ಪ, ಪದದವು. ಬಾ, ಆಡು" ಎಂದಳು ಅನುಷಾ.

"ಎಲಿ ಅಂದ್ರ ಎಲಿನೇ ಯವ್ವಾ. ನಿನ್ನ ತಲಿ ಮುಟ್ಟಿ ಆಣಿ ಮಾಡೀನಿ. ನಾ ಮುಟ್ಟಂಗಿಲ್ಲ."

ಇಷ್ಟು ವರ್ಷವಾದರೂ ಆ ಆಣೆಯನ್ನು ಹೀಗೆ ಕಾಪಾಡಿಕೊಂಡಿದ್ದಾನಲ್ಲ! ಸುಂಕಮ್ಮನಿಗೆ ಗಂಡನ ಮೇಲೆ ಅಪರೂಪಕ್ಕೆ ಅಕ್ಕರೆ ಉಕ್ಕಿತು. ಅದನ್ನು ತೋರಿಸಿಕೊಂಡರೆ ಅವಳು ಸುಂಕಮ್ಮನೇ?

"ಬಾಗಿಲಾಗ ಕಂಬದಂಗ ನಿಂತಿ ಯಾಕ? ನನಗ ಓದಾಕ ಬರಂಗಿಲ್ಲ, ನೀ ಮುಟ್ಟಂಗಿಲ್ಲ. ನನ್ನ ಹಿಂದ ಬಂದು ಕುಂದ್ರು. ನೀ ಓದು, ನಾ ಇಡ್ತೀನಿ."

ದುರುಗಪ್ಪ ಮೆಲ್ಲಗೆ ಬಂದು ಅವಳ ಬೆನ್ನ ಹಿಂದೆ ಕೂತ. ಕೈ ಕಟ್ಟಿಕೊಂಡೇ ಅವಳ ಭುಜದ ಮೇಲಿಂದ ಇಣುಕಿ, ತುಟಿಯಲ್ಲೇ ಒಂದೊಂದನ್ನೂ ಓದಿಕೊಂಡ.

"ಆ ಎಡಗಡೆದು ಇಡು, ಸುಂಕಿ."

ಸುಂಕಮ್ಮ ಇಟ್ಟಳು.